ತಿರುವಿನಲ್ಲಿ ಮೂತಿ ತಿರುಗಿಸದ ಸ್ಪೋರ್ಟ್ ಎಟಿವಿ: ಮುಂದಿನ ಸಸ್ಪೆನ್ಷನ್ ಹೊಂದಿಸೋದು ಹೇಗೆ?

ಪ್ರಶ್ನೆ: ಸರ್, ನಾನಿರೋದು ಅಮೆರಿಕದ ಅರಿಝೋನಾದಲ್ಲಿ. ಸೆಕೆಂಡ್ ಹ್ಯಾಂಡ್ ಯಮಹಾ ರ‍್ಯಾಪ್ಟರ್ 700 ಆರ್ (ನಾಲ್ಕು ಚಕ್ರದ ಆಫ್-ರೋಡ್ ಗಾಡಿ, ಎಟಿವಿ) ತಗೊಂಡಿದೀನಿ. ಇಲ್ಲಿ ಟ್ರೇಲ್ ಎಲ್ಲಾ ಗಟ್ಟಿ ನೆಲ, ಮೇಲೆ ಸಡಿಲ ಜಲ್ಲಿ. ತಿರುವಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿದ್ರೂ ಮುಂದಿನ ಚಕ್ರ ಜಾರ್ಕೊಂಡು ಗಾಡಿ ನೇರವಾಗೇ ಹೋಗುತ್ತೆ. ನೇರ ದಾರೀಲಿ ಸ್ವಲ್ಪ ವೇಗ ಹಿಡಿದ್ರೆ ಮೂತಿ ಅತ್ತಿತ್ತ ಆಡುತ್ತೆ. ರೈಡಿಂಗ್ ಗೇರ್ ಸಮೇತ ನನ್ನ ತೂಕ 82 ಕೆ.ಜಿ. ನಾಲ್ಕೂ ಟೈರಿಗೆ 8 ಪಿಎಸ್‌ಐ ಗಾಳಿ ಇದೆ. ಎರಡಿಂಚು ಅಗಲದ ಎ-ಆರ್ಮ್ (ಮುಂದಿನ ಚಕ್ರವನ್ನ ಫ್ರೇಮಿಗೆ ಜೋಡಿಸೋ ತೋಳು) ಹಾಕಿಸಿದ್ರೆ ಸರಿಹೋಗುತ್ತೆ ಅಂತಾರೆ. ಹಾಕಿಸ್ಲಾ?

ಉತ್ತರ (ಸಸ್ಪೆನ್ಷನ್ ಮೆಕ್ಯಾನಿಕ್): ಎ-ಆರ್ಮ್ ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ನೀವು ಹೇಳಿದ ಎರಡೂ ತೊಂದರೆಗೆ ಹೆಚ್ಚಿನ ಸಲ ಟೇಪು, ಸ್ಪ್ಯಾನರು, ಒಂದು ಒಳ್ಳೆ ಗೇಜು ಸಾಕು.

ಗಾಡಿ ನೇರಕ್ಕೆ ಯಾಕೆ ನೂಕುತ್ತೆ ಅಂತ ಮೊದಲು ತಿಳ್ಕೊಳ್ಳಿ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿವೆ, ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಲ್ಲಿ ಹೊರಚಕ್ರಕ್ಕೆ ದಾರಿ ಜಾಸ್ತಿ, ಒಳಚಕ್ರಕ್ಕೆ ಕಮ್ಮಿ. ಆದರೆ ಎರಡೂ ಸುತ್ತೋದು ಒಂದೇ ಸಮ. ಒಳಗಿನದು ಹಗುರಾಗಿ ಜಾರಿಕೊಳ್ಳದಿದ್ದರೆ ಹಿಂಭಾಗ ಮುಂಭಾಗವನ್ನು ನೇರಕ್ಕೇ ತಳ್ಳುತ್ತೆ. ಅದನ್ನ ತಡೆಯೋಕೆ ಮುಂದಿನ ಟೈರಿಗೆ ಕಚ್ಚೋ ಶಕ್ತಿ ಬೇಕು, ಅಂದ್ರೆ ಅದರ ಮೇಲೆ ಭಾರ ಬೀಳಬೇಕು. ಹಾಗಾಗಿ ಈ ಕ್ರಮದಲ್ಲೇ ಹೋಗಿ. ಮಧ್ಯದಲ್ಲಿ ಶಾಕ್ ಕ್ಲಿಕ್ಕರ್ (ಶಾಕ್ ಅಬ್ಸಾರ್ಬರಿನ ಬಿಗಿತ ಹೊಂದಿಸೋ ಸ್ಕ್ರೂ) ಮುಟ್ಟಬೇಡಿ.

ಮೊದಲು ಗಾಳಿ. ಈ ಟೈರುಗಳು ಕೆಲಸ ಮಾಡೋದೇ 4 ಪಿಎಸ್‌ಐ ಆಸುಪಾಸಿನಲ್ಲಿ. 8 ಇದ್ದರೆ ಟೈರು ಉಬ್ಬಿ ನಡುಭಾಗ ಮಾತ್ರ ನೆಲ ಮುಟ್ಟುತ್ತೆ, ಜಲ್ಲಿ ಮೇಲೆ ಗೋಲಿ ಥರ ಉರುಳುತ್ತೆ. ಸ್ಟಿಕ್ಕರ್‌ನಲ್ಲಿರೋ ಲೆಕ್ಕಕ್ಕೆ ಇಳಿಸಿ, ಟೈರು ತಣ್ಣಗಿರುವಾಗಲೇ ನೋಡಿ. ರಿಮ್ ಕಲ್ಲಿಗೆ ಬಡೀತಿದ್ರೆ ಅರ್ಧ ಅರ್ಧ ಪಿಎಸ್‌ಐ ಏರಿಸಿ. ಕಾರಿನ ಗೇಜ್ ಇಲ್ಲಿ ಕೆಲಸಕ್ಕೆ ಬರಲ್ಲ. 0ರಿಂದ 10 ಅಥವಾ 15ರವರೆಗಿನ ಲೋ-ಪ್ರೆಶರ್ ಗೇಜ್ ತಗೊಳ್ಳಿ. ಜತೆಗೆ ಹಿಂದಿನ ಎರಡೂ ಟೈರಿಗೆ ಟೇಪು ಸುತ್ತಿ ಸುತ್ತಳತೆ ನೋಡಿ. ಒಂದೇ ಆಕ್ಸಲ್ ಆದ್ದರಿಂದ ಒಂದು ದೊಡ್ಡದಿದ್ದರೆ ಗಾಡಿ ಸದಾ ಚಿಕ್ಕ ಟೈರಿನ ಕಡೆಗೆ ಎಳೆಯುತ್ತೆ. ಸಣ್ಣ ವ್ಯತ್ಯಾಸವನ್ನ ಗಾಳಿಯಲ್ಲೇ ಸರಿಮಾಡಬಹುದು.

ಆಮೇಲೆ ಪ್ಲೇ, ಅಂದ್ರೆ ಜಾಯಿಂಟುಗಳ ಸಡಿಲ. ಫ್ರೇಮ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಮುಂದಿನ ಚಕ್ರ ನೆಲ ಬಿಡಿಸಿ. ಚಕ್ರವನ್ನ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದಾಗ ಟಕ್ ಅಂದ್ರೆ ಬಾಲ್ ಜಾಯಿಂಟ್, ವೀಲ್ ಬೇರಿಂಗ್ ಅಥವಾ ಎ-ಆರ್ಮ್ ಬುಷ್. ಎಡ-ಬಲ ಹಿಡಿದಾಗ ಮಾತ್ರ ಟಕ್ ಅಂದ್ರೆ ಟೈ ರಾಡ್ (ಸ್ಟೀರಿಂಗನ್ನ ಚಕ್ರಕ್ಕೆ ಜೋಡಿಸೋ ಸರಳು) ಎಂಡ್ ಅಥವಾ ಸ್ಟೀರಿಂಗ್ ಸ್ಟೆಮ್ ಬುಷ್. ಯಾವುದು ಅಂತ ಗೊತ್ತಾಗೋಕೆ ಒಬ್ಬರು ಅಲ್ಲಾಡಿಸಲಿ, ಇನ್ನೊಬ್ಬರು ಆ ಜಾಯಿಂಟ್ ಮೇಲೆ ಬೆರಳಿಡಲಿ. ಲೂಸ್ ಇಟ್ಕೊಂಡು ಟೋ (ಮುಂದಿನ ಚಕ್ರಗಳ ಮುಂಬದಿ ಒಳಕ್ಕೋ ಹೊರಕ್ಕೋ ತಿರುಗಿರೋ ಅಳತೆ) ಹೊಂದಿಸೋದು ವ್ಯರ್ಥ.

ಇನ್ನು ಟೋ. ಸಮತಟ್ಟು ನೆಲ, ಹ್ಯಾಂಡಲ್ ನೇರಕ್ಕೆ ಕಟ್ಟಿರಬೇಕು, ಸೀಟಿನ ಮೇಲೆ ನಿಮ್ಮ ತೂಕದವರೊಬ್ಬರು ಕೂತಿರಬೇಕು. ಸಸ್ಪೆನ್ಷನ್ ಕುಸಿದಂತೆ ಟೋ ಬದಲಾಗುತ್ತೆ, ಖಾಲಿ ಗಾಡಿಯ ಅಳತೆ ನಂಬೋಕಾಗಲ್ಲ. ಎರಡೂ ಮುಂದಿನ ಟೈರಿನ ನಟ್ಟನಡುವೆ, ಮುಂಬದಿಯಲ್ಲಿ, ಹಬ್ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ ನಡುವಿನ ದೂರ ಅಳೆಯಿರಿ. ಗಾಡಿಯನ್ನ ಮುಂದಕ್ಕೆ ತಳ್ಳಿ ಅದೇ ಗುರುತು ಹಿಂಬದಿಗೆ ಬಂದಾಗ ಮತ್ತೆ ಅಳೆಯಿರಿ. ಹಿಂದಿನ ಅಳತೆಯಲ್ಲಿ ಮುಂದಿನದ್ದು ಕಳೆದರೆ ಟೋ-ಇನ್ ಸಿಗುತ್ತೆ. 3 ಮಿ.ಮೀ. ಬಂದರೆ ಒಳ್ಳೆಯದು.

ಕೊನೆಗೆ ಸ್ಯಾಗ್, ಅಂದ್ರೆ ನಿಮ್ಮ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಸಿಯುತ್ತೆ ಅನ್ನೋದು. ಹಬ್ ನಡುವಿನಿಂದ ನೇರ ಮೇಲೆ ಫೆಂಡರ್‌ನಲ್ಲಿ ಒಂದು ಗುರುತು. ಚಕ್ರ ನೇತಾಡುವಾಗ ಒಂದು ಅಳತೆ, ಗೇರ್ ಹಾಕ್ಕೊಂಡು ಕೂತಾಗ ಇನ್ನೊಂದು, ಅಂತರವೇ ಸ್ಯಾಗ್. ಈ ಗಾಡಿಗೆ ಮುಂದೆ 231, ಹಿಂದೆ 256 ಮಿ.ಮೀ. ಟ್ರಾವೆಲ್ (ಚಕ್ರ ಮೇಲೆ-ಕೆಳಗೆ ಓಡಾಡೋ ದೂರ) ಇದೆ. ಮುಂದೆ 60–75, ಹಿಂದೆ 75–85ರೊಳಗೆ ಇರಲಿ. ಅಳತೆ ತಗೊಂಡು ಹಾಕಿ, ಮುಂದಿನದ್ದು ನೋಡೋಣ.

ಮರುಪ್ರಶ್ನೆ: ಸರ್, ಅಳೆದೆ. ಪ್ಲೇ ಇಲ್ಲ. ಟೋ: ಮುಂಬದಿ 962, ಹಿಂಬದಿ 956 ಮಿ.ಮೀ. ಸ್ಯಾಗ್ ಮುಂದೆ 45, ಹಿಂದೆ 105. ಎಡ ಟೈ ರಾಡ್‌ನಲ್ಲಿ ಹೊರಗೆ 11 ಥ್ರೆಡ್ ಕಾಣುತ್ತೆ, ಬಲದಲ್ಲಿ 16.

ಉತ್ತರ: ಸಿಕ್ಕಿತಲ್ಲ! ಮುಂದೆ 6 ಮಿ.ಮೀ. ಟೋ-ಔಟ್ ಇದೆ, ಮೂತಿ ಅತ್ತಿತ್ತ ಆಡೋದು ಅದಕ್ಕೇ. ಸ್ಯಾಗ್ ನೋಡಿದರೆ ಮುಂದೆ ಸ್ಪ್ರಿಂಗ್ ವಿಪರೀತ ಬಿಗಿ, ಹಿಂದೆ ಸಡಿಲ. ಗಾಡಿ ಮೂತಿ ಎತ್ತಿ ಹಿಂಭಾಗ ಊರಿ ಕೂತಿದೆ. ಮುಂದಿನ ಟೈರಿಗೆ ಭಾರ ಕಮ್ಮಿ, ಕ್ಯಾಸ್ಟರ್ ಕೋನ (ಸ್ಟೀರಿಂಗ್ ತಿರುಗುವ ಗೆರೆ ಹಿಂದಕ್ಕೆ ವಾಲಿರೋದು) ಜಾಸ್ತಿ. ತಿರುವಲ್ಲಿ ನೂಕದೆ ಇನ್ನೇನು ಮಾಡುತ್ತೆ?

ಮೊದಲು ಸ್ಯಾಗ್, ಆಮೇಲೆ ಟೋ. ಎತ್ತರ ಬದಲಾದರೆ ಟೋ ಕೂಡ ಬದಲಾಗುತ್ತೆ. ಶಾಕ್‌ನ ಥ್ರೆಡ್ ಮೊದಲು ಬ್ರಷ್ ಹಾಕಿ ತೊಳೀರಿ. ಮಣ್ಣಿದ್ದಾಗ ರಿಂಗ್ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತೇಹೋಗುತ್ತೆ. ಚಕ್ರ ನೆಲ ಬಿಡಿಸಿ, ಲಾಕ್ ರಿಂಗ್ ಸಡಿಲಿಸಿ, ಸಿ-ಸ್ಪ್ಯಾನರ್‌ನಲ್ಲಿ ಮುಂದಿನ ಪ್ರಿಲೋಡ್ (ಸ್ಪ್ರಿಂಗನ್ನ ಮೊದಲೇ ಒತ್ತಿಟ್ಟಿರೋ ಪ್ರಮಾಣ) 4–5 ಮಿ.ಮೀ. ಇಳಿಸಿ. ಶಾಕ್‌ನಲ್ಲಿ 1 ಮಿ.ಮೀ. ಅಂದ್ರೆ ಚಕ್ರದಲ್ಲಿ ಹೆಚ್ಚುಕಮ್ಮಿ ಎರಡು. ಮತ್ತೆ ಅಳೆಯಿರಿ, 65 ಬರೋವರೆಗೆ ಇದೇ ರೀತಿ. ಎಡ-ಬಲ ಸ್ಪ್ರಿಂಗ್ ಉದ್ದ ಒಂದೇ ಇರಬೇಕು. ಹಿಂದೆ ಪ್ರಿಲೋಡ್ ಏರಿಸಿ 80ಕ್ಕೆ ತನ್ನಿ. ಮ್ಯಾನ್ಯುಯಲ್ ಕೊಟ್ಟ ಮಿತಿ ಮುಟ್ಟಿದರೂ ಬರದಿದ್ದರೆ ಸ್ಪ್ರಿಂಗೇ ನಿಮ್ಮ ತೂಕಕ್ಕೆ ಹೊಂದಲ್ಲ, ಬದಲಿಸಬೇಕು.

ಟೈ ರಾಡ್‌ನ ಎರಡೂ ಕಡೆ ಲಾಕ್ ನಟ್ ಸಡಿಲಿಸಿ. ಒಂದು ತುದಿ ಉಲ್ಟಾ ಥ್ರೆಡ್, ಮರೀಬೇಡಿ. ಹ್ಯಾಂಡಲ್ ನೇರ ಇಟ್ಕೊಂಡೇ ಎರಡೂ ಬದಿಯ ಉದ್ದ ಸಮ ಮಾಡಿ, ಆಮೇಲೆ ಎರಡನ್ನೂ ಸಮಸಮ ತಿರುಗಿಸುತ್ತಾ ಟೋ ತನ್ನಿ. ಸಮ ಮಾಡಿದ ಮೇಲೂ ಒಂದೇ ಚಕ್ರ ಓರೆ ನಿಂತರೆ ಟೈ ರಾಡೋ ಎ-ಆರ್ಮೋ ಬಾಗಿದೆ. ಯಾವ ಕಡೆ ತಿರುಗಿಸಬೇಕು ಅನ್ನೋದಕ್ಕೆ ಅರ್ಧ ಸುತ್ತು ತಿರುಗಿಸಿ ಅಳೆದು ನೋಡಿ, ಅದೇ ಹೇಳುತ್ತೆ. ಲಾಕ್ ನಟ್ ಬಿಗಿಯುವಾಗ ಎರಡೂ ತುದಿಯ ಜಾಯಿಂಟ್ ಒಂದೇ ಓರೆಯಲ್ಲಿರಲಿ. ಇಲ್ಲದಿದ್ದರೆ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಒಂದು ಸಿಕ್ಕಿಕೊಳ್ಳುತ್ತೆ. ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಹೆಚ್ಚು ಥ್ರೆಡ್ ಹೊರಗೆ ಬಿಡಲೇಬೇಡಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಆದ ಮೇಲೆ ಕ್ಲಿಕ್ಕರ್ ಮುಟ್ಟಬಹುದಾ ಸರ್?

ಉತ್ತರ: ಧಾರಾಳವಾಗಿ. ಈಗಿರೋ ಸ್ಥಾನದಿಂದ ಪೂರ್ತಿ ಒಳಕ್ಕೆ ಎಷ್ಟು ಕ್ಲಿಕ್ ಅಂತ ಎಣಿಸಿ ಬರೆದಿಟ್ಕೊಳ್ಳಿ. ತುದಿಗೆ ಬಂದಾಗ ಮೆಲ್ಲಗೆ. ಒತ್ತಿದರೆ ಒಳಗಿನ ಸೂಜಿ ಹಾಳಾಗುತ್ತೆ. ನಂತರ ಮ್ಯಾನ್ಯುಯಲ್‌ನ ಸ್ಟ್ಯಾಂಡರ್ಡ್ ಸ್ಥಾನಕ್ಕೆ ತಂದು, ಒಂದೇ ತಿರುವಲ್ಲಿ ಓಡಿಸುತ್ತಾ ಒಂದು ಸಲಕ್ಕೆ ಒಂದೇ ಅಡ್ಜಸ್ಟರ್, ಎರಡೇ ಕ್ಲಿಕ್.

ತಿರುವಿಗೆ ಬೀಳುವಾಗ ಹೊರಮೂಲೆ ಬೇಗ ಕುಸಿದರೆ ಮುಂದಿನ ಲೋ-ಸ್ಪೀಡ್ ಕಂಪ್ರೆಷನ್ (ಶಾಕ್ ನಿಧಾನವಾಗಿ ಕುಸಿಯುವಾಗಿನ ತಡೆ) ಏರಿಸಿ. ತಿರುವಿನ ನಡುವೆ ಸಣ್ಣ ಗುಂಡಿಗೆ ಹ್ಯಾಂಡಲ್ ಒದ್ದರೆ ಹೈ-ಸ್ಪೀಡ್ ಕಂಪ್ರೆಷನ್ (ಶಾಕ್ ರಭಸದಿಂದ ಕುಸಿಯುವಾಗಿನ ತಡೆ) ಇಳಿಸಿ. ಸಾಲು ಉಬ್ಬುಗಳಲ್ಲಿ ಮೊದಲೆರಡು ಸರಿಯಿದ್ದು ಆಮೇಲೆ ಮೂತಿ ಕೆಳಗೇ ಉಳಿದು ಗಟ್ಟಿಯಾದರೆ ರೀಬೌಂಡ್ ನಿಧಾನ ಆಗಿದೆ. ಶಾಕ್ ಮೇಲೆ ಬರೋದರೊಳಗೆ ಮುಂದಿನ ಉಬ್ಬು ಬಂದಿರುತ್ತೆ. ರೀಬೌಂಡ್ ಸಡಿಲಿಸಿ. ಬಹಳ ಜನ ಇದನ್ನ ಕಂಪ್ರೆಷನ್ ದೋಷ ಅಂದ್ಕೊಂಡು ಉಲ್ಟಾ ದಾರಿ ಹಿಡೀತಾರೆ. ನೈಟ್ರೋಜನ್ ಇರೋ ರಿಸರ್ವಾಯರ್ (ಶಾಕ್ ಪಕ್ಕದ ಡಬ್ಬಿ) ಮಾತ್ರ ಬಿಚ್ಚೋಕೆ ಹೋಗಬೇಡಿ.

ಪ್ರಶ್ನೆ ಕೇಳಿದವರು: ಮೂತಿ ಆಡೋದು ನಿಂತಿದೆ, ತಿರುವೂ ಎಷ್ಟೋ ವಾಸಿ. ಹಾಗಾದ್ರೆ ಅಗಲದ ಎ-ಆರ್ಮ್ ಬೇಡ್ವೇ ಬೇಡ್ವಾ?

ಉತ್ತರ: ಒಳಚಕ್ರಗಳು ಎದ್ದು ಗಾಡಿ ಪಲ್ಟಿಯಾಗೋ ಹಾಗೆ ಅನಿಸಿದರೆ ಆಗ ಯೋಚಿಸಿ. ಅಗಲ ಹೆಚ್ಚಾದರೆ ವಾಲುವುದು ಕಮ್ಮಿಯಾಗುತ್ತೆ, ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರೋ ಕೋನ), ಕ್ಯಾಸ್ಟರ್ ಕೂಡ ಹೊಂದಿಸೋಕೆ ಸಿಗುತ್ತೆ. ಕೂತಾಗ ಕ್ಯಾಂಬರ್ 1–2 ಡಿಗ್ರಿ ನೆಗೆಟಿವ್ (ಚಕ್ರದ ಮೇಲ್ಭಾಗ ಒಳಕ್ಕೆ), ಎಡ-ಬಲ ಸಮ. ಆದರೆ ಉದ್ದದ ಟೈ ರಾಡ್, ಉದ್ದದ ಬ್ರೇಕ್ ಹೋಸ್, ಹೊಂದುವ ಶಾಕ್ ಎಲ್ಲ ಸೇರಿಯೇ ಖರ್ಚು. ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ನಡುವೆ ಇಡೋ ದಪ್ಪ ಬಿಲ್ಲೆ) ಅಗ್ಗ ನಿಜ; ಅದು ಟೈರನ್ನ ಸ್ಟೀರಿಂಗ್ ತಿರುಗುವ ಗೆರೆಯಿಂದ ದೂರ ತಳ್ಳುತ್ತೆ, ಪ್ರತಿ ಕಲ್ಲೂ ಕೈಗೆ ಒದೆಯುತ್ತೆ, ಬೇರಿಂಗ್ ಬೇಗ ಸವೆಯುತ್ತೆ. ಮುಂದೆ ಮಾತ್ರ ಅಗಲ ಮಾಡಿ ಹಿಂದಿನ ಆಕ್ಸಲ್ ಹಾಗೇ ಬಿಟ್ಟರೆ ಅರ್ಧ ಕೆಲಸ.

ಇನ್ನೊಂದು, ನಿಮ್ಮ ಗಾಡಿ ಈಗ ಸುಮಾರು 46 ಇಂಚು ಅಗಲ. ಬದಿಗೆ ಎರಡರಂತೆ ಸೇರಿಸಿದರೆ 50. ಅಮೆರಿಕದ ಫಾರೆಸ್ಟ್ ಸರ್ವೀಸ್ ಜಾಗಗಳಲ್ಲಿ ಎಷ್ಟೋ ಟ್ರೇಲ್‌ಗಳು 50 ಇಂಚಿನೊಳಗಿನ ವಾಹನಗಳಿಗೆ ಮಾತ್ರ. ರಿಮ್ ಆಫ್‌ಸೆಟ್ ಸ್ವಲ್ಪ ಹೊರಗಿದ್ದರೂ ಮಿತಿ ದಾಟುತ್ತೀರಿ. ಆರ್ಡರ್ ಮಾಡೋ ಮೊದಲು ಟೈರಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದುಕೊಳ್ಳಿ.