ಪಾಲೆಸ್ಟ್ರಿನಾನ 'ನೀಗ್ರಾ ಸುಮ್': ಒಟ್ಟಿಗೆ ಹಾಡಿದಾಗ ದನಿ ಕುಕ್ಕುತ್ತೆ, ಶ್ರುತಿಯೂ ಇಳಿಯುತ್ತೆ

ಪ್ರಶ್ನೆ

ನಮಸ್ಕಾರ. ಇಂಗ್ಲೆಂಡಿನ ಒಂದು ಹವ್ಯಾಸಿ ಕಾಯರ್‌ನಲ್ಲಿ ಆಲ್ಟೊ (ಹೆಂಗಸರ ಕೆಳಗಿನ ದನಿ) ಹಾಡುತ್ತೇನೆ. ಚಿಕ್ಕಂದಿನಲ್ಲಿ ಏಳೆಂಟು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೆ. ಈಗ 16ನೇ ಶತಮಾನದ ಇಟಲಿಯ ಸಂಯೋಜಕ ಪಾಲೆಸ್ಟ್ರಿನಾನ 'ನೀಗ್ರಾ ಸುಮ್' ಅನ್ನುವ ಲ್ಯಾಟಿನ್ ಹಾಡಿನ ಅಭ್ಯಾಸ ನಡೆದಿದೆ. ಐದು ದನಿ, ವಾದ್ಯ ಇಲ್ಲ.

ಮನೆಯಲ್ಲಿ ಒಬ್ಬಳೇ ಹಾಡಿದರೆ ನನ್ನ ಸಾಲು ಚೆನ್ನಾಗಿದೆ. ಎಲ್ಲರ ಜೊತೆ ಸೇರಿದರೆ ನನ್ನ ದನಿ ಮಾತ್ರ ಕುಕ್ಕಿದ ಹಾಗೆ ಕೇಳುತ್ತದೆ. ಎಣಿಕೆ ತಪ್ಪಿಲ್ಲ, ತೊಡೆ ಮೇಲೆ ತಾಳ ಹಾಕಿಕೊಂಡೇ ಹಾಡುತ್ತೇನೆ. ಇನ್ನೊಂದು, ಮುಗಿಯುವ ಹೊತ್ತಿಗೆ ಎಲ್ಲರೂ ಅರ್ಧ ಸ್ವರ ಕೆಳಗೆ ಇಳಿದಿರುತ್ತೇವೆ. ಏನು ಮಾಡಲಿ?

ಉತ್ತರ 1

ಮೇಡಂ, ತೊಂದರೆ ಆ ತಾಳದಲ್ಲೇ ಇದೆ. ನಿಮ್ಮ ಹಾಳೆಯಲ್ಲಿ ಎಣಿಕೆಯನ್ನು ಭಾಗ ಮಾಡುವ ನೆಟ್ಟನೆಯ ಗೆರೆಗಳು (ಬಾರ್ ಲೈನ್) ಈ ಕಾಲದ ಸಂಪಾದಕರು ಎಣಿಸಲು ಅನುಕೂಲವಾಗಲಿ ಅಂತ ಹಾಕಿದ್ದು. 1584ರಲ್ಲಿ ರೋಮ್‌ನಲ್ಲಿ ಇದು ಅಚ್ಚಾದಾಗ ಒಂದೊಂದು ದನಿಗೂ ಬೇರೆ ಪುಸ್ತಕ. ಗೆರೆಯೇ ಇರಲಿಲ್ಲ. ನೀವು ಗೆರೆ ದಾಟಿದ ಮೊದಲ ಸ್ವರವನ್ನು ಸಮ (ತಾಳದ ಮೊದಲ ಪೆಟ್ಟು) ಅಂದುಕೊಂಡು ಒತ್ತುತ್ತಿದ್ದೀರಿ.

ಇಲ್ಲಿ ಒತ್ತು ಕೊಡುವುದು ಮಾತು. 'ನೀಗ್ರಾ ಸುಮ್ ಸೆದ್ ಫೋರ್ಮೋಸಾ': ಒತ್ತು 'ನೀ' ಮೇಲೆ, 'ಮೋ' ಮೇಲೆ. 'ಫೀಲಿಯೆ ಯೆರೂಸಲೆಮ್': 'ಫೀ', 'ರೂ'. ಉಳಿದದ್ದೆಲ್ಲ ಹಗುರ. ಒಂದೊಂದು ದನಿ ಒಂದೊಂದು ಹೊತ್ತಿಗೆ ಅದೇ ಮಾತು ಎತ್ತಿಕೊಳ್ಳುವಾಗ ಒತ್ತುಗಳೂ ಬೇರೆ ಬೇರೆ ಕಡೆ ಬೀಳುತ್ತವೆ. ಸೊಗಸು ಇರುವುದೇ ಅಲ್ಲಿ.

ಒತ್ತು ಬೀಳುವ ಅಕ್ಷರಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ರಾಗ ಬಿಟ್ಟು, ಸುಮ್ನೆ ಮಾತಾಡುವ ಹಾಗೆ ಹತ್ತು ಸಲ ಓದಿ. ಹಾಗೇ ಮುಂದಿನ ಸಾಲಿನ ಮಾತನ್ನು 'ಸಿಕುಟ್' ಅನ್ನಬೇಡಿ, 'ಸೀಕುತ್'. ಇಟಲಿಯ ಚರ್ಚ್ ಲ್ಯಾಟಿನ್ನಿನ ತ, ದ ನಮ್ಮ ಬಾಯಲ್ಲಿ ಮೊದಲೇ ಇವೆ.

ಉತ್ತರ 2

ಶ್ರುತಿ ವಿಷಯಕ್ಕೆ ಬಂದರೆ, ಎಷ್ಟು ನಿಧಾನ ಹಾಡುತ್ತೀರಿ?

ಪ್ರಶ್ನೆ ಕೇಳಿದವರು

ತುಂಬಾ ನಿಧಾನ ಸರ್. ಚರ್ಚ್ ಸಂಗೀತ ಅಲ್ವಾ ಅಂತ. ಉಸಿರು ಸಾಲುವುದಿಲ್ಲ.

ಉತ್ತರ 2

ಸಿಕ್ಕಿತು. 1584ರ ಆ ಸಂಗ್ರಹದಲ್ಲಿ ಬೈಬಲ್ಲಿನ ಪರಮಗೀತದಿಂದ ಆಯ್ದ, ಹಲವು ದನಿ ಸೇರಿ ಹಾಡುವ 29 ಭಕ್ತಿಗೀತೆ, ಅಂದರೆ ಮೋಟೆಟ್‌ಗಳಿವೆ. ಪೋಪ್ 13ನೇ ಗ್ರೆಗರಿಗೆ ಅದನ್ನು ಅರ್ಪಿಸುವಾಗ ಪಾಲೆಸ್ಟ್ರಿನಾನೇ ಹೇಳಿದ್ದಾನೆ: ಚರ್ಚಿಗೆ ಬರೆಯುವ ಉಳಿದ ಹಾಡುಗಳಿಗಿಂತ ಇಲ್ಲಿ ಸ್ವಲ್ಪ ಲವಲವಿಕೆಯ ಶೈಲಿ ಬಳಸಿದ್ದೇನೆ, ವಸ್ತು ಅದನ್ನೇ ಕೇಳುತ್ತಿತ್ತು ಅಂತ. ಹಾಡುತ್ತಿರುವವಳು ಯಾರು ನೋಡಿ. ನಾನು ಕಪ್ಪು, ಆದರೂ ಚೆಲುವೆ, ಬಿಸಿಲು ನನ್ನ ಬಣ್ಣ ಕೆಡಿಸಿತು, ತಾಯಿಯ ಮಕ್ಕಳೇ ಜಗಳವಾಡಿ ನನ್ನನ್ನು ದ್ರಾಕ್ಷಿ ತೋಟ ಕಾಯಲು ಹಾಕಿದರು ಅನ್ನುತ್ತಾಳೆ. ಚರ್ಚ್ ಇವಳಲ್ಲಿ ಮರಿಯಮ್ಮನನ್ನು ಕಂಡಿತು, ಸರಿ. ಆದರೂ ದನಿಯಲ್ಲಿ ಆ ಹುಡುಗಿ ಇರಬೇಕು. ಎಳೆದೆಳೆದು ಹಾಡಿದರೆ ಅವಳು ಸಿಗುವುದಿಲ್ಲ, ಉಸಿರು ಸೋತು ಶ್ರುತಿಯೂ ಜಾರುತ್ತದೆ.

ಇಳಿಯುವ ಸ್ವರಗಳಲ್ಲಿ ಹೆಜ್ಜೆ ಚಿಕ್ಕದಿರಲಿ, ಏರುವಾಗ ಧಾರಾಳವಾಗಿರಲಿ. ಒಂದೇ ಸ್ವರ ಮತ್ತೆ ಮತ್ತೆ ಬಂದರೆ ಪ್ರತಿ ಸಲವೂ ಹೊಸದಾಗಿ ಹಿಡಿಯಿರಿ. ಮನೆಯಲ್ಲಿ ತಂಬೂರಿ ಹಾಕಿಕೊಂಡು ಅಭ್ಯಾಸ ಮಾಡಿ. ಕಾಯರ್‌ನಲ್ಲಿ ಮಾತ್ರ ಆ ಷಡ್ಜವನ್ನು ಮನಸ್ಸಲ್ಲಿ ಹಿಡಿದು ಕೂರಬೇಡಿ. ಅಲ್ಲಿ ಆಧಾರ ಬದಲಾಗುತ್ತಲೇ ಇರುತ್ತದೆ, ಕಿವಿ ಬಾಸ್ (ಎಲ್ಲಕ್ಕಿಂತ ಕೆಳಗಿನ ದನಿ) ಕಡೆ ಇರಲಿ. ಆಗಲೂ ಇಳಿದರೆ ಅರ್ಧ ಸ್ವರ ಮೇಲೆ ಶುರು ಮಾಡಿ. ಆ ಕಾಲಕ್ಕೆ ಎಲ್ಲೆಡೆಗೂ ಒಂದೇ ಅಂತ ನಿಗದಿಯಾದ ಶ್ರುತಿ ಇರಲಿಲ್ಲ.

ಪ್ರಶ್ನೆ ಕೇಳಿದವರು

ಎರಡು ವಾರ ಆಯ್ತು. ತೊಡೆ ಮೇಲಿಂದ ಕೈ ತೆಗೆದ ದಿನವೇ ಪಕ್ಕದ ಟೆನರ್ (ಗಂಡಸರ ಮೇಲಿನ ದನಿ) ಹಾಡುವ ಮಾತು ಮೊದಲ ಸಲ ಕಿವಿಗೆ ಬಿತ್ತು. ನಮ್ಮ ನಿರ್ದೇಶಕರು ವೇಗ ಹೆಚ್ಚಿಸಲು ಒಪ್ಪಿದರು. ನಿನ್ನೆ ಕೊನೆಯಲ್ಲಿ ಪಿಯಾನೊ ಒತ್ತಿ ನೋಡಿದೆವು. ಇನ್ನೂ ಇಳಿಯುತ್ತಿದೆ, ಆದರೆ ಅರ್ಧ ಸ್ವರದಷ್ಟಲ್ಲ. ಮುಂದಿನ ವಾರ ಮೇಲಿನ ಶ್ರುತಿಯಲ್ಲಿ ಹಾಡಿ ನೋಡುತ್ತೇವೆ.