ಪಿಕಪ್‌ನ ಪವರ್ ಸ್ಟೇರಿಂಗ್ ಐಡ್ಲಿಂಗ್‌ನಲ್ಲಿ ಗಟ್ಟಿ, ಆಯಿಲ್ ಡಬ್ಬದಲ್ಲಿ ನೊರೆ: ಪಂಪ್ ಬದಲಿಸಲೇಬೇಕಾ?

ಪೆರ್ಲದ ಪಿಕಪ್:
ಅಣ್ಣಂದಿರೇ, ಒಂದು ಅಭಿಪ್ರಾಯ ಬೇಕು. ಡೀಸೆಲ್ ಪಿಕಪ್, ಬೆಲ್ಟಿನಲ್ಲಿ ತಿರುಗುವ ಪಂಪಿನ ಹೈಡ್ರಾಲಿಕ್ ಸ್ಟೇರಿಂಗ್, ಕೆಳಗೆ ಚಕ್ರ ತಿರುಗಿಸುವ ಹಲ್ಲಿನ ಸರಳು, ಅಂದರೆ ರ‍್ಯಾಕ್. ಹೆಚ್ಚಾಗಿ ಕೆಂಪುಕಲ್ಲಿನ ಲೋಡು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ‘ಕುಂಯ್’ ಅಂತ ಶಬ್ದ, ಸ್ಟೇರಿಂಗ್ ತಿರುಗಿಸಿದರೆ ಇನ್ನೂ ಜೋರು. ಕೋರೆಯೊಳಗೆ ಗಾಡಿ ತಿರುಗಿಸುವಾಗ ಎರಡೂ ಕಡೆಗೆ ಗಟ್ಟಿ. ಸ್ವಲ್ಪ ರೇಸ್ ಕೊಟ್ಟರೆ ಹಗುರಾಗ್ತದೆ. ರೋಡಿನಲ್ಲಿ ಓಡುವಾಗ ತೊಂದರೆ ಇಲ್ಲ. ಡಬ್ಬದ ಮುಚ್ಚಳ ತೆಗೆದರೆ ನೊರೆ. ಆಯಿಲ್ ಲೆವೆಲ್ ಇಳೀತಾ ಉಂಟು, ಆದರೆ ನೆಲಕ್ಕೆ ಒಂದು ಹನಿಯೂ ಬಿದ್ದದ್ದು ಕಾಣುವುದಿಲ್ಲ. ಪಂಪ್, ರ‍್ಯಾಕ್ ಎರಡೂ ಹೋಗಿದೆ, ಸೆಟ್ಟು ಬದಲಿಸಿ ಅಂತ ಗ್ಯಾರೇಜಿನವರು ಹೇಳ್ತಿದ್ದಾರೆ. ಅದಕ್ಕಿಂತ ಮೊದಲು ಎಂತ ನೋಡಬೇಕು?

17ರ ಸ್ಪ್ಯಾನರ್:
ನೊರೆ ಉಂಟು ಅಂದ ಮೇಲೆ ಪಂಪಿಗೆ ಕೈ ಹಾಕಬೇಡಿ. ನೊರೆ ಅಂದರೆ ಆಯಿಲಿನೊಳಗೆ ಗಾಳಿ. ಆಯಿಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಗಾಳಿ ಕುಗ್ತದೆ. ಅದಕ್ಕೇ ಪಂಪ್ ತಿರುಗಿದರೂ ಪ್ರೆಷರ್ ಸರಿಯಾಗಿ ಏರುವುದಿಲ್ಲ. ಐಡ್ಲಿಂಗ್‌ನಲ್ಲಿ ಅಂದರೆ ರೇಸ್ ಕೊಡದೆ ಇಂಜಿನ್ ಓಡುವಾಗ ಪಂಪ್ ನಿಧಾನ ತಿರುಗುವುದರಿಂದ ಅಲ್ಲಿ ಮೊದಲು ಗೊತ್ತಾಗ್ತದೆ. ಕುಂಯ್ ಶಬ್ದವೂ ಅದರದ್ದೇ. ಹೀಗೇ ಓಡಿಸ್ತಾ ಇದ್ದರೆ ಮಾತ್ರ ಪಂಪಿನ ಒಳಗಿನ ಬ್ಲೇಡು ನಿಜವಾಗಿಯೂ ಸವೀತದೆ.

ಇಂಜಿನ್ ಐಡ್ಲಿಂಗ್‌ನಲ್ಲಿಟ್ಟು ಡಬ್ಬದ ಲೆವೆಲಿಗೆ ಗುರುತು ಹಾಕಿ. ಬಂದ್ ಮಾಡಿ ಪುನಃ ನೋಡಿ. ಲೆವೆಲ್ ಮೇಲೆ ಏರಿದರೆ ಲೈನಿನಲ್ಲಿ ಗಾಳಿ ಉಂಟು ಅಂತ ಖಾತ್ರಿ. ಏರಿಕೆ 5 ಮಿ.ಮೀ. ಒಳಗಿದ್ದರೆ ಚಿಂತೆ ಬೇಡ.

ಗಾಳಿ ನುಗ್ಗುವ ಜಾಗ ಡಬ್ಬದಿಂದ ಪಂಪಿಗೆ ಬರುವ ದಪ್ಪ ಹೋಸ್. ಅಲ್ಲಿ ಪಂಪ್ ಎಳೆಯುವುದು, ದೂಡುವುದಲ್ಲ. ಹಾಗಾಗಿ ಕ್ಲಿಪ್ ಸಡಿಲಾದರೆ ಆಯಿಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಹೆಚ್ಚು. ಇಂಜಿನ್ ಬಿಸಿಗೆ ಆ ಹೋಸ್ ತುದಿಯಲ್ಲಿ ಕಲ್ಲಿನಷ್ಟು ಗಟ್ಟಿಯಾಗಿ, ಕ್ಲಿಪ್ ಎಷ್ಟು ಬಿಗಿದರೂ ಹಿಡಿಯುವುದಿಲ್ಲ. ಹೊರಗಿನಿಂದ ನೋಡಿ ‘ಹೋಸ್ ಲಾಯ್ಕುಂಟು’ ಅನ್ನುವವರೇ ಜಾಸ್ತಿ. ತೆಗೆದು ತುದಿಯನ್ನು ಬೆರಳಿನಲ್ಲಿ ಒತ್ತಿ. ಒಳಮೈಯಲ್ಲಿ ಕೂದಲಿನಂಥ ಗೆರೆ ಒಡೆದದ್ದು ಆಗ ಕಾಣ್ತದೆ. ಡಬ್ಬದ ತಳದ ಜಾಲರಿಯನ್ನೂ ನೋಡಿ. ಅದು ಕಟ್ಟಿಕೊಂಡರೂ ಇದೇ ಶಬ್ದ.

ಉಪ್ಪಳ ಡೀಸೆಲ್:
ಬೆಲ್ಟನ್ನು ಯಾರೂ ಹೇಳಲಿಲ್ಲ. ಐಡ್ಲಿಂಗ್‌ನಲ್ಲಿ ಗಟ್ಟಿ, ರೇಸಿಗೆ ಹಗುರ ಅನ್ನುವುದು ಬೆಲ್ಟ್ ಜಾರಿದರೂ ಬರ್ತದೆ. ಎರಡು ಪುಲ್ಲಿಯ ನಡುವೆ ಹೆಬ್ಬೆರಳಿನಲ್ಲಿ ಜೋರಾಗಿ ಒತ್ತಿದರೆ ಸುಮಾರು 10 ಮಿ.ಮೀ. ತಗ್ಗಬೇಕು, ಅದಕ್ಕಿಂತ ಹೆಚ್ಚು ತಗ್ಗಿದರೆ ಸಡಿಲ. ಬೆಲ್ಟಿನ ಬದಿ ಗಾಜಿನಂತೆ ಹೊಳೀತಾ ಇದ್ದರೆ ಬಿಗಿದು ಪ್ರಯೋಜನ ಇಲ್ಲ, ಹೊಸತು ಹಾಕಿ. ಬೆಲ್ಟಿಗೆ ಮೇಣ, ಸೋಪು ತಿಕ್ಕುವ ಉಪಾಯ ಬೇಡ.

17ರ ಸ್ಪ್ಯಾನರ್:
ನೋಡಲಿ, ಖರ್ಚಿಲ್ಲದ ಕೆಲಸ. ಆದರೆ ಬೆಲ್ಟಿನ ಶಬ್ದ ‘ಕೀಂಚ್’ ಅಂತ ಇರ್ತದೆ, ಫುಲ್ ಕಟ್ ಮಾಡಿದಾಗ (ಸ್ಟೇರಿಂಗ್ ಕೊನೆವರೆಗೆ ತಿರುಗಿಸಿದಾಗ), ಮಳೆಗೆ ಒದ್ದೆಯಾದಾಗ ಜೋರು. ಬೆಲ್ಟ್ ಜಾರಿದರೆ ನೊರೆ ಬರುವುದಿಲ್ಲ.

ಕೋರೆ ಲೈನ್:
ಹನಿ ಬೀಳದೆ ಲೆವೆಲ್ ಇಳಿಯುವುದಕ್ಕೆ ಇನ್ನೊಂದು ಕಾರಣ ಉಂಟು. ರ‍್ಯಾಕಿನ ಎರಡು ತುದಿಯಲ್ಲಿ ರಬ್ಬರ್ ಬೂಟು ಇರ್ತದಲ್ಲ, ಒಳಗಿನ ಸೀಲ್ ಹೋದರೆ ಆಯಿಲ್ ಅದರೊಳಗೆ ತುಂಬ್ತದೆ, ನೆಲಕ್ಕೆ ಬರುವುದೇ ಇಲ್ಲ. ಬೂಟಿನ ಹೊರಗಿನ ಕ್ಲಿಪ್ ಬಿಟ್ಟು ಸ್ವಲ್ಪ ಸರಿಸಿ. ಗ್ರೀಸಿನ ಪಸೆ ಮಾತ್ರ ಇದ್ದರೆ ಸರಿ. ಕೆಂಪು ಆಯಿಲ್ ಸುರಿದರೆ ರ‍್ಯಾಕ್ ಸೀಲ್ ಕಿಟ್ ಕೆಲಸ. ಲೀಕ್ ನಿಲ್ಲಿಸುವ ಬಾಟ್ಲಿ ಹಾಕಿ ತಾತ್ಕಾಲಿಕ ಮಾಡಬೇಡಿ.

ಬೂಟಿನೊಳಗೆ ಆಯಿಲ್ ಇಲ್ಲ, ಆದರೂ ಅನುಮಾನ ಹೋಗದಿದ್ದರೆ ಪ್ರೆಷರ್ ಅಳೆಯುವ ಗೇಜ್ ಹಾಕಿಸಿ. ಜೆಸಿಬಿ ಹೋಸ್ ಪ್ರೆಸ್ ಮಾಡುವ ಅಂಗಡಿಯವರಲ್ಲಿ ಸಾಮಾನು ಸಿಗ್ತದೆ: 150 ಬಾರಿನ ಗೇಜ್, ಒಂದು ವಾಲ್ವ್, ಎರಡು ಅಡಾಪ್ಟರ್. ಪಂಪಿಗೂ ಪ್ರೆಷರ್ ಹೋಸಿಗೂ ನಡುವೆ ಗೇಜ್, ಅದರ ನಂತರ ರ‍್ಯಾಕಿನ ಕಡೆಗೆ ವಾಲ್ವ್. ಆಯಿಲ್ ಬಿಸಿಯಾಗಿ, ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ವಾಲ್ವ್ ಮುಚ್ಚಿ, 5 ಸೆಕೆಂಡಿಗಿಂತ ಹೆಚ್ಚು ಬೇಡ, ಪಂಪ್ ಸುಟ್ಟುಹೋಗ್ತದೆ. ಮ್ಯಾನುವಲಿನ ಅಂಕಿ ತಲುಪಬೇಕು. ಇಂಥ ಗಾಡಿಗಳಲ್ಲಿ ಹೆಚ್ಚಾಗಿ 70ರಿಂದ 100 ಬಾರ್ ನಡುವೆ. ತಲುಪಿದರೆ ಪಂಪ್ ಸರಿ. ಮತ್ತೆ ವಾಲ್ವ್ ಬಿಟ್ಟು ಸ್ಟೇರಿಂಗ್ ಫುಲ್ ಕಟ್ ಮಾಡಿ. ಆಗಲೂ ಅಷ್ಟೇ ಬಂದರೆ ರ‍್ಯಾಕ್ ಸರಿ, ಕಡಿಮೆ ಬಂದರೆ ರ‍್ಯಾಕಿನೊಳಗೇ ಪ್ರೆಷರ್ ಸೋರ್ತದೆ. ವಾಲ್ವ್ ಮುಚ್ಚಿದಾಗಲೇ ಪ್ರೆಷರ್ ಬಾರದಿದ್ದರೆ ಪಂಪಿನ ಫ್ಲೋ ಕಂಟ್ರೋಲ್ ವಾಲ್ವ್ (ಆಯಿಲಿನ ಹರಿವು ಹಿಡಿತದಲ್ಲಿಡುವುದು) ಬಿಚ್ಚಿ ತೊಳೆದು ನೋಡಿ, ಒಂದು ಕಸ ಸಿಕ್ಕಿದರೂ ಅದು ತೆರೆದೇ ನಿಲ್ತದೆ. ಪಂಪ್ ಬದಲಿಸುವ ಮಾತು ಅದರ ಮೇಲೆ. ಪ್ರೆಷರ್ ಲೈನಿನಲ್ಲಿ ಲೀಕ್ ಉಂಟಾ ಅಂತ ಬರಿಗೈಯಲ್ಲಿ ತಡಕಬೇಡಿ, ರಟ್ಟು ಹಿಡಿದು ನೋಡಿ.

ಪೆರ್ಲದ ಪಿಕಪ್:
ನೋಡಿದೆ. ಬಂದ್ ಮಾಡಿದ ಕೂಡಲೇ ಲೆವೆಲ್ ಒಂದು ಬೆರಳಿನಷ್ಟು ಏರಿತು. ಬೂಟು ಎರಡೂ ಒಣಗಿದೆ. ಬೆಲ್ಟ್ ಬಿಗಿ ಉಂಟು. ದಪ್ಪ ಹೋಸಿನ ಪಂಪ್ ಕಡೆಯ ತುದಿಯಲ್ಲಿ ಪಸೆ, ಅದರ ಮೇಲೆ ಕೆಂಪು ಧೂಳು ಅಂಟಿ ಉಂಟು. ರೇಡಿಯೇಟರ್ ಹೋಸ್ ಅದೇ ಸೈಜಿನದು ಸಿಗ್ತದೆ, ತುಂಡು ಮಾಡಿ ಹಾಕಬಹುದಾ? ಆಯಿಲ್ ಎಷ್ಟು ತರಬೇಕು?

17ರ ಸ್ಪ್ಯಾನರ್:
ಬೇಡ. ನೀರಿನ ಹೋಸಿನ ರಬ್ಬರ್ ಆಯಿಲಿಗೆ ಉಬ್ಬಿ ಮೆತ್ತಗಾಗ್ತದೆ, ಪಂಪ್ ಎಳೆಯುವಾಗ ಒಳಗೇ ಚಪ್ಪಟೆಯಾಗಿ ದಾರಿ ಮುಚ್ತದೆ. ಗಾಡಿಯ ಪಾರ್ಟ್ ನಂಬರಿನ ಹೋಸನ್ನೇ ತನ್ನಿ, ಕ್ಲಿಪ್ ಎರಡೂ ಹೊಸತು. ಆಯಿಲ್ ಮುಚ್ಚಳದಲ್ಲಿ ಬರೆದದ್ದೇ ಬೇಕು. ಎಟಿಎಫ್ ಡೆಕ್ಸ್‌ರಾನ್ ಅಂತ ಇದ್ದರೆ 2 ಲೀಟರ್ ತನ್ನಿ, ಒಂದು ತೊಳೆಯಲಿಕ್ಕೆ, ಒಂದು ತುಂಬಲಿಕ್ಕೆ. ಬ್ರೇಕ್ ಆಯಿಲ್ ಮಾತ್ರ ಅಪ್ಪಿತಪ್ಪಿಯೂ ಹಾಕಬೇಡಿ, ಇದ್ದಬದ್ದ ಸೀಲೆಲ್ಲ ಉಬ್ಬಿ ಹಾಳು.

ಎದುರಿನ ಎರಡು ಚಕ್ರ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಜಾಕನ್ನೇ ನಂಬಿ ಕೆಳಗೆ ಹೋಗಬೇಡಿ. ಡಬ್ಬಕ್ಕೆ ಆಯಿಲ್ ವಾಪಸ್ ಬರುವ ರಿಟರ್ನ್ ಹೋಸ್ ಬಿಚ್ಚಿ ಬಾಟ್ಲಿಗೆ ಇಳಿಸಿ, ಡಬ್ಬದ ಆ ನಳಿಗೆಗೆ ಬಿರಡೆ ಹಾಕಿ. ಇಂಜಿನ್ ಬಂದ್ ಇರುವಾಗಲೇ ಸ್ಟೇರಿಂಗ್ ಆಚೆ ಈಚೆ ಕಟ್ ಮಾಡ್ತಾ ಡಬ್ಬಕ್ಕೆ ಹೊಸ ಆಯಿಲ್ ಹೊಯ್ಯಿರಿ. ಬಾಟ್ಲಿಗೆ ಶುದ್ಧ ಕೆಂಪು ಬರುವಾಗ ಹೋಸ್ ಸೇರಿಸಿ.

ಮತ್ತೆ ಏರ್ ತೆಗೆಯುವುದು. ಇಲ್ಲಿ ಅವಸರ ಮಾಡಿದವರೇ ‘ಹೊಸ ಪಂಪ್ ಹಾಕಿದರೂ ಶಬ್ದ ಹೋಗಲಿಲ್ಲ’ ಅನ್ನುವುದು. ಇಂಜಿನ್ ಬಂದ್, ಲೆವೆಲ್ ಫುಲ್, ಸ್ಟೇರಿಂಗ್ ನಿಧಾನ ಒಂದು ಕಟ್ಟಿನಿಂದ ಇನ್ನೊಂದು ಕಟ್ಟಿಗೆ 15ರಿಂದ 20 ಸಲ. ಗುಳ್ಳೆ ನಿಲ್ಲುವವರೆಗೆ ಸ್ಟಾರ್ಟ್ ಮಾಡಬೇಡಿ. ಮಾಡಿದರೆ ಗುಳ್ಳೆ ಪುಡಿಯಾಗಿ ಆಯಿಲಿನಲ್ಲೇ ಬೆರೀತದೆ. ಆಮೇಲೆ ಐಡ್ಲಿಂಗ್‌ನಲ್ಲಿ ಐದಾರು ಸಲ ತಿರುಗಿಸಿ, ಫುಲ್ ಕಟ್‌ನಲ್ಲಿ ಹಿಡಿದು ನಿಲ್ಲಿಸಬೇಡಿ. ಆಯಿಲ್ ಹಾಲಿನ ಹಾಗೆ ಕಂಡರೆ ಬಂದ್ ಮಾಡಿ ಅರ್ಧ ಗಂಟೆ ಬಿಟ್ಟು ಪುನಃ.

ಕೋರೆ ಲೈನ್:
ಚಕ್ರ ಎತ್ತಿದಾಗಲೇ, ಇಂಜಿನ್ ಬಂದ್ ಇರುವಾಗ, ಕೈಗೆ ಇನ್ನೊಂದು ಗೊತ್ತಾಗ್ತದೆ. ಸ್ಟೇರಿಂಗಿನ ಒಂದು ಸುತ್ತಿನಲ್ಲಿ ಎರಡು ಕಡೆ ಬಿಗಿ, ಎರಡು ಕಡೆ ಸಡಿಲ ಅನಿಸಿದರೆ ಕಾಲಮ್ಮಿನ (ಸ್ಟೇರಿಂಗಿನಿಂದ ಕೆಳಗೆ ಹೋಗುವ ದಂಡದ) ಯುನಿವರ್ಸಲ್ ಜಾಯಿಂಟ್ ತುಕ್ಕು ಹಿಡಿದು ಜಾಮ್ ಆಗಿದೆ. ನಮ್ಮ ಕಡಲ ಬದಿಯ ಉಪ್ಪುಗಾಳಿ, ಕೋರೆಯ ಕೆಸರಿಗೆ ಇದು ಮಾಮೂಲು, ಹೈಡ್ರಾಲಿಕ್ ಎಷ್ಟು ಸರಿ ಮಾಡಿದರೂ ಹಗುರಾಗುವುದಿಲ್ಲ. ರೋಡಿನಲ್ಲಿ ತಿರುವು ಮುಗಿದ ಮೇಲೆ ಸ್ಟೇರಿಂಗ್ ತನ್ನಷ್ಟಕ್ಕೆ ನೇರಕ್ಕೆ ಬಾರದಿದ್ದರೂ ಮೊದಲು ಈ ಜಾಯಿಂಟ್, ಚಕ್ರದ ಬುಡದ ಬಾಲ್ ಜಾಯಿಂಟ್ ನೋಡಿ. ಎದುರಿನ ಟೈರ್ ಗಾಳಿಯೂ ಬಾಗಿಲಿನ ಸ್ಟಿಕ್ಕರಿನಲ್ಲಿ ಇದ್ದಷ್ಟು ಇರಲಿ.

17ರ ಸ್ಪ್ಯಾನರ್:
ಹೌದು, ಅದನ್ನು ನೋಡಿಯೇ ಚಕ್ರ ಇಳಿಸಿ. ಎರಡು ದಿನ ಲೋಡ್ ಹೊಡೆದ ಮೇಲೆ ಕ್ಲಿಪ್ ಪುನಃ ಬಿಗಿ ಮಾಡಿ, ಬೆಳಿಗ್ಗೆ ತಣ್ಣಗಿರುವಾಗ ಲೆವೆಲನ್ನು ‘ಕೋಲ್ಡ್’ ಗೆರೆಗೆ ನೋಡಿ. ‘ಹಾಟ್’ ಗೆರೆಗೆ ತುಂಬಿಸಿಟ್ಟರೆ ಬಿಸಿಯಾದಾಗ ಮುಚ್ಚಳದಲ್ಲಿ ಉಕ್ಕಿ, ಮತ್ತೊಂದು ಲೀಕ್ ಉಂಟು ಅಂತ ಹುಡುಕುವ ಹಾಗಾಗ್ತದೆ.