‘ಲೈಂಗಿಕ ಸೇವೆ’ಯೋ ‘ಲೈಂಗಿಕ ನೆರವೋ’: ಇಂದು ರಾತ್ರಿಯೊಳಗೆ ಪದ ಬೇಕು

ಮಾನ್ಯರೇ,

ಆಸ್ಟ್ರೇಲಿಯಾದ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯ ಕುರಿತ ಮಾಹಿತಿಪತ್ರದ ಅನುವಾದವನ್ನು ನಾಳೆ ಬೆಳಿಗ್ಗೆ ಒಪ್ಪಿಸಬೇಕಾಗಿದೆ. ಹಣ ದೊರೆಯದ ಬಾಬುಗಳ ಪಟ್ಟಿಯಲ್ಲಿ ‘ಸೆಕ್ಷುಯಲ್ ಸರ್ವಿಸಸ್’, ‘ಸೆಕ್ಸ್ ವರ್ಕ್’ ಎಂಬ ಎರಡು ಮಾತುಗಳು ಜೊತೆಜೊತೆಯಾಗಿ ಬರುವುದರಿಂದ ಎರಡಕ್ಕೂ ಬೇರೆ ಬೇರೆ ಕನ್ನಡ ಬೇಕು.

ಮೊದಲನೆಯದಕ್ಕೆ ನಿನ್ನೆ ನಿಮ್ಮಿಂದ ಬಂದ ಸಲಹೆಗಳಲ್ಲಿ ‘ಲೈಂಗಿಕ ನೆರವು’ ಹಲವರಿಗೆ ಹಿಡಿಸಿದೆ. ‘ನೆರವು’ ನನಗೂ ಪ್ರಿಯವಾದ ಪದವೇ. ಆದರೆ ಇಲ್ಲಿ ಅದು (ಇಂಗ್ಲಿಷಿನ ‘ಸಪೋರ್ಟ್’) ಕಾನೂನಿನ ಪರಿಭಾಷೆ. ಈ ಯೋಜನೆಯ 2013ರ ಕಾಯಿದೆಯ 34ನೆಯ ಕಲಮಿನಂತೆ ‘ಸಮಂಜಸ ಮತ್ತು ಅವಶ್ಯಕ’ ಎನಿಸಿಕೊಂಡ ನೆರವಿಗೆ ಮಾತ್ರ ಹಣ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿರುವ ಮಹಿಳೆಯೊಬ್ಬರು ತರಬೇತಿ ಪಡೆದವರ ಲೈಂಗಿಕ ಸೇವೆಗೆ ಹಣ ಕೇಳಿದಾಗ ವಾದ ನಡೆದದ್ದೇ ಅದು ಈ ಅರ್ಥದ ನೆರವಾಗುತ್ತದೆಯೇ ಎಂಬುದರ ಮೇಲೆ. 2019ರಲ್ಲಿ ನ್ಯಾಯಮಂಡಳಿ ಆಗುತ್ತದೆ ಎಂದಿತು, 2020ರಲ್ಲಿ ಫೆಡರಲ್ ನ್ಯಾಯಾಲಯದ ಪೂರ್ಣಪೀಠ ಅದನ್ನು ಎತ್ತಿಹಿಡಿಯಿತು. 2024ರ ಅಕ್ಟೋಬರ್ 3ರಿಂದ ಜಾರಿಗೆ ಬಂದ ತಿದ್ದುಪಡಿ ಇಂಥ ಸೇವೆಯನ್ನು ನೆರವಿನ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ಹೀಗಿರುವಾಗ ‘ಲೈಂಗಿಕ ನೆರವು ನೆರವಲ್ಲ’ ಎಂದು ನಾನು ಬರೆಯಬೇಕೇ?

‘ಸೇವೆ’ ಎಂದರೆ ದೇವರ ಸೇವೆ, ಅದನ್ನು ಇಲ್ಲಿಗೆ ಎಳೆಯಬಾರದು ಎಂದವರು ದಿನವೂ ಬಸ್ ಸೇವೆ, ಬ್ಯಾಂಕ್ ಸೇವೆ ಎನ್ನುತ್ತಲೇ ಇದ್ದಾರೆ. ಮದ್ಯಸೇವನೆಯೂ ಅದೇ ಧಾತುವಿನಿಂದ ಬಂದದ್ದು.

ಸಂಸ್ಕೃತದ ಸೋಂಕೇ ಬೇಡವೆಂದು ‘ಬೆದೆಯ ನೆರವು’ ಸೂಚಿಸಿದ ಹಿರಿಯರಿಗೆ ಒಂದೇ ಮಾತು: ಬೆದೆಗೆ ಬರುವುದು ಹಸು, ಎಮ್ಮೆ. ಅಚ್ಚಗನ್ನಡದ ಹಟಕ್ಕಾಗಿ ಗಾಲಿಕುರ್ಚಿಯಲ್ಲಿ ಕುಳಿತ ಮನುಷ್ಯರನ್ನು ಕೊಟ್ಟಿಗೆಗೆ ಅಟ್ಟಲು ನಾನು ಸಿದ್ಧಳಿಲ್ಲ. ‘ಲೈಂಗಿಕ ಚಿಕಿತ್ಸೆ’ಯೂ ಸಲ್ಲದು, ಬಯಕೆಯನ್ನೇ ರೋಗವಾಗಿಸುವ ಪದವದು.

ನಿಜವಾದ ತೊಡಕಿರುವುದು ಎರಡನೆಯ ಮಾತಿನಲ್ಲಿ. ಪತ್ರಿಕೆಗಳು ‘ಲೈಂಗಿಕ ಕಾರ್ಯಕರ್ತೆ’ ಎಂದು ಬರೆಯುತ್ತವೆ, ಪಕ್ಷದ ಕಾರ್ಯಕರ್ತೆಯ ನೆನಪಾದರೂ ಕಿವಿಗೆ ಅದು ಒಗ್ಗಿದೆ. ಅದರಿಂದ ಭಾವನಾಮ ಮಾಡಹೊರಟರೆ ‘ಲೈಂಗಿಕ ಕಾರ್ಯ’ವಾಗುತ್ತದೆ, ಅದು ಕ್ರಿಯೆಯ ಹೆಸರೇ ಹೊರತು ದುಡಿಮೆಯದಲ್ಲ. ‘ವೇಶ್ಯಾವಾಟಿಕೆ’ಯಲ್ಲಿ ತೀರ್ಪು ಮೊದಲೇ ಕುಳಿತಿದೆ, ಮೇಲಾಗಿ ಈ ಕೆಲಸ ಮಾಡುವ ಗಂಡಸರನ್ನು ಅದು ಒಳಗೊಳ್ಳುವುದಿಲ್ಲ.

ಸದ್ಯಕ್ಕೆ ‘ಲೈಂಗಿಕ ಸೇವೆ’, ‘ಲೈಂಗಿಕ ವೃತ್ತಿ’ ಎಂದು ಬರೆದಿಟ್ಟುಕೊಂಡಿದ್ದೇನೆ. ‘ವೃತ್ತಿ’ಯನ್ನು ಯಾರಾದರೂ ಪ್ರವೃತ್ತಿ ಎಂದು ತಪ್ಪಾಗಿ ತಿಳಿದಾರೇ, ಅಥವಾ ಈ ಪದವನ್ನು ನೀವು ಅಚ್ಚಿನಲ್ಲಿ ಬೇರೆ ಅರ್ಥದಲ್ಲಿ ಕಂಡಿದ್ದೀರಾ ಎಂಬುದನ್ನಷ್ಟೇ ದಯವಿಟ್ಟು ತಿಳಿಸಿ. ಎರವಲು ಪದಗಳ ಜಗಳವನ್ನು ನಾಡಿದ್ದು ಮುಂದುವರಿಸೋಣ.